ಮಗು ತಾನೇ ಕಲಿಯಲು ಮನೆಯಲ್ಲಿ ಅನುಕೂಲ ಕಲ್ಪಿಸುವುದು: ದಕ್ಷಿಣ ಬೆಂಗಳೂರಿನ ಪೋಷಕರಿಗೆ ಮಾಹಿತಿ

ಪೀಠಿಕೆ

ಮೂರರಿಂದ ಆರು ವರ್ಷದ ಮಕ್ಕಳು ಶಾಲಾಪೂರ್ವ ಕೇಂದ್ರದಲ್ಲಿ ಕಳೆಯುವುದು ದಿನದ ಕೆಲವು ಗಂಟೆಗಳನ್ನು ಮಾತ್ರ. ಉಳಿದ ಕಾಲವೆಲ್ಲ ಮನೆಯಲ್ಲಿ ಕಳೆಯುತ್ತದೆ. ಕೇಂದ್ರದಲ್ಲಿ ತಾನೇ ಲೋಟ ತೊಳೆದಿಡುವ ಮಗುವಿಗೆ ಮನೆಯಲ್ಲಿ ಎಲ್ಲವನ್ನೂ ಹಿರಿಯರೇ ಮಾಡಿಕೊಟ್ಟರೆ ಕಲಿತದ್ದು ನೆಲೆಗೊಳ್ಳುವುದಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮುಂತಾದೆಡೆ ವಾಸಿಸುವ ಪೋಷಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಡಾ. ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದ ಬಡ ಕುಟುಂಬಗಳ ಮಕ್ಕಳಿಗಾಗಿ ಮೊದಲ ‘ಮಕ್ಕಳ ಮನೆ’ಯನ್ನು ಆರಂಭಿಸಿದರು. 1939ರಲ್ಲಿ ಅವರು ಭಾರತಕ್ಕೆ ಬಂದು ಮದರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು. ಅದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ಸ್ಥಾಪಿಸಿದ್ದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಜಾರಿಗೆ ಬಂದು, ರಾಜ್ಯದಲ್ಲಿ ಪ್ರಪ್ರಥಮವಾಗಿ ತಿ. ನರಸೀಪುರದಲ್ಲಿ ಆರಂಭಗೊಂಡಿತು. ಅಂದಿನಿಂದ ಶಾಲಾಪೂರ್ವ ಶಿಕ್ಷಣವು ಅಂಗನವಾಡಿಗಳ ಮೂಲಕ ಶುಲ್ಕವಿಲ್ಲದೆ ದೊರೆಯುತ್ತಿದೆ.

ಮೂಲ ತತ್ವ

ಮಗುವಿಗೆ ಕಲಿಯುವ ಬಯಕೆ ಹುಟ್ಟಿನಿಂದಲೇ ಇರುತ್ತದೆ. ಸುತ್ತಲಿನ ಪರಿಸರವನ್ನು ಸಿದ್ಧಪಡಿಸುವುದು, ಕೆಲಸವನ್ನು ಒಮ್ಮೆ ನಿಧಾನವಾಗಿ ಮಾಡಿ ತೋರಿಸುವುದು, ಅನಂತರ ದೂರ ನಿಂತು ಗಮನಿಸುವುದು ಹಿರಿಯರ ಕರ್ತವ್ಯ. ಇದಕ್ಕೆ ದುಬಾರಿ ಸಾಮಗ್ರಿಗಳ ಅಗತ್ಯವಿಲ್ಲ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮಗಳು

1. ಎಟುಕುವ ವ್ಯವಸ್ಥೆ: ಮಗುವಿನ ಬಟ್ಟೆ, ಲೋಟ, ತಟ್ಟೆ ಹಾಗೂ ಚಪ್ಪಲಿಗಳನ್ನು ಅದರ ಕೈಗೆಟುಕುವ ಎತ್ತರದಲ್ಲಿ ನಿಗದಿತ ಜಾಗದಲ್ಲಿ ಇಡುವುದು. ಆಟದ ಸಾಮಾನುಗಳಲ್ಲಿ ನಾಲ್ಕೈದನ್ನು ಮಾತ್ರ ಹೊರಗಿಟ್ಟು ವಾರಕ್ಕೊಮ್ಮೆ ಬದಲಾಯಿಸುವುದು. ಒಂದೇ ಕೋಣೆಯ ಮನೆಯಲ್ಲಿಯೂ ಇದಕ್ಕೆ ಒಂದು ಮೂಲೆ ಸಾಕು.

2. ನಿಜವಾದ ಕೆಲಸ: ಸೊಪ್ಪು ಬಿಡಿಸುವುದು, ಕಾಳುಗಳನ್ನು ಬೇರ್ಪಡಿಸುವುದು, ಚಪಾತಿ ಹಿಟ್ಟು ನಾದುವುದು, ಸಣ್ಣ ಚೊಂಬಿನಿಂದ ನೀರು ಬಗ್ಗಿಸುವುದು. ಅವರೆಕಾಯಿಯ ಕಾಲದಲ್ಲಿ ನೆನೆಸಿದ ಕಾಳನ್ನು ಹಿತಕುವ ಕೆಲಸದಿಂದ ಬೆರಳುಗಳಿಗೆ ಬಲ ಬರುತ್ತದೆ. ಕಾಳುಗಳು ಗಂಟಲಿನಲ್ಲಿ ಸಿಕ್ಕಿಕೊಳ್ಳದಂತೆ ಹಿರಿಯರು ಹತ್ತಿರದಲ್ಲಿಯೇ ಇರತಕ್ಕದ್ದು.

3. ಮಿತವಾದ ಆಯ್ಕೆ: ‘ಏನು ತಿನ್ನುವೆ?’ ಎನ್ನುವುದರ ಬದಲು ‘ಬಾಳೆಹಣ್ಣೋ, ಸೀಬೆಹಣ್ಣೋ?’ ಎಂದು ಕೇಳುವುದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಮಗುವಿಗೆ ಸುಲಭ.

4. ಸಮಯ ಮತ್ತು ಏಕಾಗ್ರತೆ: ಬೆಳಿಗ್ಗೆ ಶಾಲಾ ವಾಹನ ಬರುವ ಹೊತ್ತಿಗೆ ಗುಂಡಿ ಹಾಕಿಕೊಳ್ಳುವುದನ್ನು ಕಲಿಸಲಾಗದು. ಹದಿನೈದು ನಿಮಿಷ ಮೊದಲೇ ಎಬ್ಬಿಸುವುದು, ಅಥವಾ ಇಂತಹ ಅಭ್ಯಾಸಗಳನ್ನು ರಜಾದಿನಕ್ಕೆ ಇಟ್ಟುಕೊಳ್ಳುವುದು ಸೂಕ್ತ. ಮಗು ಕೆಲಸದಲ್ಲಿ ತಲ್ಲೀನವಾಗಿರುವಾಗ, ಹೊಗಳುವುದಕ್ಕಾಗಿಯೂ ಅದನ್ನು ತಡೆಯಬಾರದು.

5. ತಪ್ಪಿಗೆ ಅವಕಾಶ: ನೀರು ಚೆಲ್ಲಿದರೆ ಗದರಿಸದೆ ಒರೆಸುವ ಬಟ್ಟೆ ಇರುವ ಜಾಗವನ್ನು ತೋರಿಸುವುದು.

6. ಮನೆಮಾತು: ಕನ್ನಡ, ತೆಲುಗು, ತಮಿಳು, ಉರ್ದು ಅಥವಾ ತುಳು, ಮನೆಯ ಮಾತು ಯಾವುದೇ ಇದ್ದರೂ ಅದರಲ್ಲಿಯೇ ಧಾರಾಳವಾಗಿ ಮಾತನಾಡುವುದು ಹಾಗೂ ಕಥೆ ಹೇಳುವುದು.

7. ಹೊರಾಂಗಣ: ಲಾಲ್‌ಬಾಗ್, ಜೆ.ಪಿ. ನಗರದ ಮಿನಿ ಫಾರೆಸ್ಟ್, ಮಡಿವಾಳ ಕೆರೆಯ ದಂಡೆ ಅಥವಾ ಸಮೀಪದ ಉದ್ಯಾನಕ್ಕೆ ಕರೆದೊಯ್ದು, ಮಗುವಿನ ನಡಿಗೆಯ ವೇಗಕ್ಕೆ ಹಿರಿಯರು ಹೊಂದಿಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಮೂರು, ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ದೈಹಿಕ ಚಟುವಟಿಕೆ ಹಾಗೂ 10ರಿಂದ 13 ಗಂಟೆಗಳ ನಿದ್ರೆ ಅಗತ್ಯ. ಒಂದೇ ಕಡೆ ಕುಳಿತು ಟಿ.ವಿ., ಮೊಬೈಲ್ ನೋಡುವ ಅವಧಿ ಒಂದು ಗಂಟೆ ಮೀರಬಾರದು.

ಸ್ವಾತಂತ್ರ್ಯಕ್ಕೆ ಮಿತಿ

ಮಗುವಿಗೆ ಆಯ್ಕೆ ನೀಡುವುದೆಂದರೆ ಎಲ್ಲವನ್ನೂ ಅದರ ಇಚ್ಛೆಗೆ ಬಿಡುವುದಲ್ಲ. ತನಗೆ ಅಪಾಯ, ಇತರರಿಗೆ ನೋವು ಅಥವಾ ವಸ್ತುಗಳಿಗೆ ಹಾನಿ ಆಗುವ ಕೆಲಸಗಳನ್ನು ದೃಢವಾಗಿ ತಡೆಯಬೇಕು. ಸಂಪಿನ ಮುಚ್ಚಳ, ಬಾಲ್ಕನಿಯ ಕಂಬಿ, ಗ್ಯಾಸ್ ಒಲೆ ಹಾಗೂ ವಿದ್ಯುತ್ ಪ್ಲಗ್‌ಗಳ ಸುರಕ್ಷತೆಯನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಅಜ್ಜಿ, ತಾತಂದಿರು ಹಾಗೂ ಮನೆಕೆಲಸದವರಿಗೂ ನಿಯಮಗಳನ್ನು ತಿಳಿಸಿ, ಎಲ್ಲರೂ ಒಂದೇ ರೀತಿ ನಡೆದುಕೊಳ್ಳುವುದು ಮುಖ್ಯ. ಕೈತುತ್ತು ನೀಡುವ ಅಜ್ಜಿಯ ಅಕ್ಕರೆಗೆ ಇದರಿಂದ ಅಡ್ಡಿಯಿಲ್ಲ. ಮೊದಲ ಕೆಲವು ತುತ್ತುಗಳನ್ನು ಮಗು ತಾನೇ ತಿನ್ನಲಿ ಎಂಬುದಷ್ಟೇ ಕೋರಿಕೆ.

ಬರವಣಿಗೆಗೆ ಅವಸರ ಬೇಡ

ಶಾಲಾ ಪ್ರವೇಶದ ಆತಂಕದಿಂದ ಮೂರು ವರ್ಷದ ಮಗುವಿಗೆ ಪುಟಗಟ್ಟಲೆ ಅಕ್ಷರ ಬರೆಸುವುದು ಸರಿಯಲ್ಲ. ಕನ್ನಡ ಅಕ್ಷರಗಳ ದುಂಡು ತಿರುವುಗಳಿಗೆ ಮಣಿಕಟ್ಟಿನ ಹಿಡಿತ ಬೇಕು. ಮರಳಿನಲ್ಲಿ ಬೆರಳಾಡಿಸುವುದು, ರಂಗೋಲಿಯ ಚುಕ್ಕಿ ಸೇರಿಸುವುದು, ಜೇಡಿಮಣ್ಣು ಕಲಸುವುದು ಇದಕ್ಕೆ ಪೂರ್ವಸಿದ್ಧತೆಯಾಗಿವೆ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಆಟದ ಮೂಲಕ ಕಲಿಕೆಗೇ ಒತ್ತು ನೀಡಿದೆ. ಒಂದನೇ ತರಗತಿಗೆ ಸೇರಿಸಿಕೊಳ್ಳುವಾಗ ಆಯ್ಕೆಗಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆ, 2009ರ 13ನೇ ಪ್ರಕರಣವು ನಿಷೇಧಿಸಿದೆ.

ಸಾರ್ವಜನಿಕರ ಗಮನಕ್ಕೆ

ಮೂರು ವರ್ಷ ತುಂಬಿದ ಮಕ್ಕಳನ್ನು ಸಮೀಪದ ಅಂಗನವಾಡಿ ಕೇಂದ್ರಕ್ಕೆ ಸೇರಿಸಬಹುದು. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮಾಹಿತಿ ಸೇವೆ ಹಾಗೂ ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಎಂಬ ಆರು ಸೇವೆಗಳು ಈ ಯೋಜನೆಯಲ್ಲಿ ಸೇರಿವೆ. ಖಾಸಗಿ ಕೇಂದ್ರವನ್ನು ಆರಿಸಿಕೊಳ್ಳುವವರು ‘ಮಾಂಟೆಸ್ಸರಿ’ ಎಂಬ ನಾಮಫಲಕವನ್ನು ಮಾತ್ರ ನಂಬದೆ, ಒಂದು ಬೆಳಗಿನ ಹೊತ್ತು ಅಲ್ಲಿಗೆ ಹೋಗಿ ಮಕ್ಕಳು ತಮ್ಮ ಕೆಲಸವನ್ನು ತಾವೇ ಆರಿಸಿಕೊಳ್ಳುತ್ತಿದ್ದಾರೆಯೇ ಎಂಬುದನ್ನು ನೋಡುವುದು ಒಳಿತು.

ಮಗುವಿನ ಮಾತು, ಶ್ರವಣ ಅಥವಾ ನಡಿಗೆ ವಯಸ್ಸಿಗೆ ತಕ್ಕಂತಿಲ್ಲ ಎನಿಸಿದಲ್ಲಿ ‘ತಾನಾಗಿಯೇ ಸರಿಹೋಗುತ್ತದೆ’ ಎಂದು ಕಾಯಬಾರದು. ಅಂಗನವಾಡಿ ಕಾರ್ಯಕರ್ತೆಯರಿಗೆ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿದಲ್ಲಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆಗೆ ಅವಕಾಶವಿದೆ.

ಹೆಚ್ಚಿನ ಮಾಹಿತಿಗಾಗಿ ತಮ್ಮ ಪ್ರದೇಶದ ಅಂಗನವಾಡಿ ಕಾರ್ಯಕರ್ತೆ, ವಲಯ ಮೇಲ್ವಿಚಾರಕಿ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ.