ದನದ ಮದ್ದು ದನದಲ್ಲೇ ಮುಗಿಯುವುದಿಲ್ಲ: ನೋವುನಿವಾರಕ, ರಣಹದ್ದು ಮತ್ತು ಹಾಲು

ಪಶುವೈದ್ಯದಲ್ಲಿ ಮದ್ದಿನ ಸುರಕ್ಷತೆಯನ್ನು ಅದನ್ನು ಪಡೆದ ಪ್ರಾಣಿಯ ಮೇಲಷ್ಟೇ ಅಳೆಯುವುದು ಹಳೆಯ ರೂಢಿ. ಜ್ವರ ಇಳಿಯಿತೇ, ದನ ಮೇವು ಮುಟ್ಟಿತೇ, ಮೆಲುಕು ಹಾಕಿತೇ ಎಂದು ನೋಡಿ ಮಾತು ಮುಗಿಸುತ್ತೇವೆ. ಈ ಅಳತೆಗೋಲಿನಲ್ಲಿ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಬಹಳ ಒಳ್ಳೆಯ ಮದ್ದು: ಅಗ್ಗ, ಬೇಗ ಕೆಲಸ ಮಾಡುತ್ತದೆ, ದನಕ್ಕೆ ತೊಂದರೆ ಕೊಡುವುದು ಅಪರೂಪ. ಅದೇ ಮದ್ದು ಭಾರತ ಉಪಖಂಡದ ರಣಹದ್ದುಗಳನ್ನು ಅಳಿವಿನ ಅಂಚಿಗೆ ತಂದಿತು. ಹಾಗಾಗಿ ಮದ್ದು ಪ್ರಾಣಿಯ ದೇಹದಲ್ಲಿ ಉಳಿದಿರುವಷ್ಟು ಕಾಲವೂ, ಆ ದೇಹದಿಂದ ಆಹಾರ ಪಡೆಯುವ ಪ್ರತಿ ಜೀವಿಯೂ ಚಿಕಿತ್ಸೆಯ ಲೆಕ್ಕದೊಳಗೆ ಬರಬೇಕು ಎಂಬುದು ಈ ಲೇಖನದ ವಾದ.

ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ರಣಹದ್ದುಗಳು ಕಡಿಮೆಯಾಗುತ್ತಿರುವುದನ್ನು ವಿಭು ಪ್ರಕಾಶ್ 1990ರ ದಶಕದ ಕೊನೆಯಲ್ಲಿ ದಾಖಲಿಸಿದರು. ಮೊದಮೊದಲು ಸಂಶಯ ಹೋದದ್ದು ಸೋಂಕುರೋಗದ ಕಡೆಗೆ. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದ ಪಂಜಾಬಿನಲ್ಲಿ ಸತ್ತ ಬಿಳಿಬೆನ್ನಿನ ರಣಹದ್ದುಗಳನ್ನು ಪರೀಕ್ಷಿಸಿ, ‘ನೇಚರ್’ ಪತ್ರಿಕೆಯಲ್ಲಿ ಕಾರಣವನ್ನು ಪ್ರಕಟಿಸಿದರು. ಹಕ್ಕಿಗಳ ಮೂತ್ರಪಿಂಡ ಕೈಕೊಟ್ಟಿತ್ತು. ಹೊರಹೋಗಬೇಕಿದ್ದ ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಕೂತಿತ್ತು. ಹಾಗೆ ಸತ್ತ ಹಕ್ಕಿಗಳ ಮೂತ್ರಪಿಂಡದಲ್ಲಿ ಡೈಕ್ಲೊಫೆನಾಕ್ ಸಿಕ್ಕಿತು. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ ಶೇ. 99.9ರಷ್ಟು ಕುಸಿದಿತ್ತು.

ಪ್ರಮಾಣದ ಲೆಕ್ಕ ಇಲ್ಲಿ ದಿಗಿಲು ಹುಟ್ಟಿಸುತ್ತದೆ. ರಣಹದ್ದಿನ ತೂಕದ ಪ್ರತಿ ಕಿಲೋಗೆ 0.1ರಿಂದ 0.2 ಮಿ.ಗ್ರಾಂ ಮದ್ದು ಹೊಟ್ಟೆ ಸೇರಿದರೆ ಅರ್ಧದಷ್ಟು ಹಕ್ಕಿಗಳು ಸಾಯುತ್ತವೆ ಎಂಬುದು ಪ್ರಯೋಗಗಳ ಅಂದಾಜು. ಐದು ಕಿಲೋ ತೂಗುವ ಹಕ್ಕಿಗೆ ಒಂದು ಮಿ.ಗ್ರಾಂ ಕೂಡ ಬೇಕಾಗದಿರಬಹುದು. ಕಿಲೋಗೆ 1 ಮಿ.ಗ್ರಾಂನಂತೆ ಕೊಟ್ಟರೂ 300 ಕಿಲೋ ತೂಗುವ ಹಸುವಿನ ದೇಹಕ್ಕೆ ಸೇರುವುದು 300 ಮಿ.ಗ್ರಾಂ. ದನ ಈ ಮದ್ದನ್ನು ಕೆಲವೇ ದಿನಗಳಲ್ಲಿ ಹೊರಹಾಕುತ್ತದೆ, ನಿಜ. ಗುಣವಾಗಿ ವರ್ಷಗಟ್ಟಲೆ ಬದುಕಿದ ಹಸುವಿನಿಂದ ಹದ್ದಿಗೆ ಅಪಾಯವಿಲ್ಲ. ಆದರೆ ನೋವಿನ ಸೂಜಿ ಹೆಚ್ಚಾಗಿ ಬೀಳುವುದು ಏಳಲಾರದೆ ಮಲಗಿದ, ಕೈಮೀರಿದ ದನಕ್ಕೆ. ಮದ್ದು ಕರಗುವ ಮೊದಲೇ ಸಾಯುವುದೂ ಅದೇ. ಕುಸಿತಕ್ಕೆ ನೂರರಲ್ಲಿ ಒಂದಕ್ಕಿಂತ ಕಡಿಮೆ ಕಳೇಬರ ವಿಷವಾದರೂ ಸಾಕು ಎಂದು ರೀಸ್ ಗ್ರೀನ್ ಮತ್ತು ಸಹೋದ್ಯೋಗಿಗಳು 2004ರಲ್ಲೇ ಲೆಕ್ಕ ಹಾಕಿದ್ದರು. ಒಂದು ಕಳೇಬರಕ್ಕೆ ಹತ್ತಾರು ಹಕ್ಕಿಗಳು ಒಟ್ಟಿಗೆ ಎರಗುವುದರಿಂದ ಅಷ್ಟು ಕಡಿಮೆ ಪ್ರಮಾಣವೂ ಸಾಲುತ್ತದೆ.

ಭಾರತ 2006ರಲ್ಲಿ ಪಶುಬಳಕೆಯ ಡೈಕ್ಲೊಫೆನಾಕ್ ತಯಾರಿಕೆಯನ್ನು ನಿಲ್ಲಿಸಲು ಸೂಚಿಸಿತು. 2008ರಲ್ಲಿ ರಾಜ್ಯಪತ್ರದ ಅಧಿಸೂಚನೆ ಬಂತು. ಆದರೂ ಮನುಷ್ಯರಿಗೆಂದು ತಯಾರಾದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹರಿದವು. ಮನುಷ್ಯನಿಗೆ ಒಂದು ಸಲಕ್ಕೆ 3 ಮಿ.ಲೀ. ಸಾಕಾದಾಗ 30 ಮಿ.ಲೀ. ಬಾಟಲಿ ಯಾರಿಗಾಗಿ ಎಂಬ ಪ್ರಶ್ನೆಗೆ 2015ರಲ್ಲಿ ಉತ್ತರ ಸಿಕ್ಕಿತು: ಚುಚ್ಚುಮದ್ದು 3 ಮಿ.ಲೀ. ಒಂಟಿ ಪೊಟ್ಟಣಕ್ಕೆ ಸೀಮಿತವಾಯಿತು. ಇಷ್ಟರಲ್ಲಿ ಬದಲಿಯಾಗಿ ಬಂದ ಮದ್ದುಗಳೂ ಸಂಶಯಕ್ಕೆ ಒಳಗಾದವು. ಕೀಟೊಪ್ರೊಫೆನ್ ರಣಹದ್ದಿಗೆ ವಿಷ; ಅಸೆಕ್ಲೊಫೆನಾಕ್ ದನದ ದೇಹದೊಳಗೆ ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ. ಇವೆರಡರ ಪಶುಬಳಕೆ 2023ರಲ್ಲಿ, ನಿಮೆಸುಲೈಡ್‌ನದು 2024ರ ಕೊನೆಯಲ್ಲಿ ನಿಷೇಧವಾಯಿತು. ಒಂದು ಹೆಸರನ್ನು ಕಿತ್ತು ಅದರ ಸೋದರನನ್ನು ಪರೀಕ್ಷೆಯಿಲ್ಲದೆ ಕೂರಿಸಿದ್ದರಿಂದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕೈಜಾರಿತು. ಇದು ತಪ್ಪಿಸಬಹುದಾಗಿದ್ದ ನಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ.

ಏಕೆಂದರೆ 2006ರಲ್ಲೇ ಮೆಲಾಕ್ಸಿಕಾಮ್ ರಣಹದ್ದಿಗೆ ಸುರಕ್ಷಿತವೆಂದು ಪರೀಕ್ಷೆಯಿಂದ ತಿಳಿದಿತ್ತು. ಟಾಲ್ಫೆನಾಮಿಕ್ ಆಮ್ಲ ನಂತರದ ಸೇರ್ಪಡೆ. ದನಗಳಲ್ಲಿ ಮೆಲಾಕ್ಸಿಕಾಮ್‌ನ ವಾಡಿಕೆಯ ಪ್ರಮಾಣ ಕಿಲೋಗೆ 0.5 ಮಿ.ಗ್ರಾಂ. ಅದರ ಪರಿಣಾಮ ದೀರ್ಘವಾದ್ದರಿಂದ ದಿನಕ್ಕೆ ಹಲವು ಬಾರಿ ಚುಚ್ಚಬೇಕಿಲ್ಲ. ಆದರೆ ತೂಕವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಪ್ರಮಾಣ ತಪ್ಪುತ್ತದೆ, ಮದ್ದು ನಾಟದು, ರೈತ ‘ಇದು ಕೆಲಸ ಮಾಡೋದಿಲ್ಲ’ ಎಂದು ಹಳೆಯದನ್ನೇ ಕೇಳುತ್ತಾನೆ. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಹಸುವಿಗೂ ಹಳ್ಳಿಕಾರ್ ಹಸುವಿಗೂ ಒಂದೇ ಸಿರಿಂಜ್ ಅಳತೆ ಸಲ್ಲದು. ಎರಡನ್ನೂ ಅಂಗುಲದಲ್ಲಿ ಅಳೆದು, ಎದೆಯ ಸುತ್ತಳತೆಯ ವರ್ಗವನ್ನು ದೇಹದ ಉದ್ದದಿಂದ ಗುಣಿಸಿ, ಬಂದದ್ದನ್ನು 300ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಸಿಗುತ್ತದೆ. ತಕ್ಕಡಿಯಿಲ್ಲದ ಊರಿಗೆ ಒಂದು ಟೇಪು ಸಾಕು.

ಹಾಲಿನ ವಿಷಯದಲ್ಲೂ ಇದೇ ತರ್ಕ ನಡೆಯುತ್ತದೆ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಪ್ರತಿಜೈವಿಕದ ಟ್ಯೂಬ್ ಏರಿಸಿದ ಮೇಲೆ ಹಾಲನ್ನು ಕೆಲವು ದಿನ ಡೇರಿಗೆ ಹಾಕಬಾರದು. ಲೇಬಲ್ಲಿನಲ್ಲಿ ನಿರ್ದಿಷ್ಟ ಅವಧಿ ದೃಢಪಟ್ಟಿಲ್ಲದಿದ್ದರೆ ಹಾಲಿಗೂ ಮೊಟ್ಟೆಗೂ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಎಂದು 2012ರಲ್ಲಿ ತಿದ್ದುಪಡಿಯಾದ ಔಷಧ ನಿಯಮ ಹೇಳುತ್ತದೆ. ಹಾಲು ಕಾಯಿಸಿದರೂ ಪೆನಿಸಿಲಿನ್‌ನಂಥ ಪ್ರತಿಜೈವಿಕ ಬಹುಪಾಲು ಹಾಗೇ ಉಳಿಯುತ್ತದೆ. ಹೆಪ್ಪು ಹಾಕಿದ ಹಾಲು ಮೊಸರಾಗದೆ ಉಳಿಯಲು ಇದೂ ಒಂದು ಕಾರಣ, ಹೆಪ್ಪಿನ ಬ್ಯಾಕ್ಟೀರಿಯಾಗಳೇ ಸತ್ತಿರುತ್ತವೆ. ಸಂಗ್ರಹಣಾ ಕೇಂದ್ರದಲ್ಲಿ ಕೊಬ್ಬು ಮತ್ತು ಘನಾಂಶ ನೋಡಿ ಹಣ ಕೊಡುವಾಗ ಈ ಶೇಷ ಕಾಣುವುದಿಲ್ಲ. ಎರಡು ಹಸು ಸಾಕಿದವರಿಗೆ ಏಳು ದಿನದ ಹಾಲು ಚೆಲ್ಲುವುದೆಂದರೆ ಮನೆಯ ಸಂತೆಯ ಖರ್ಚೇ ಹೋದಂತೆ. ಅವರನ್ನು ಬೈದು ಪ್ರಯೋಜನವಿಲ್ಲ. ತಡೆಹಿಡಿದ ಹಾಲಿನ ಬೆಲೆಯಲ್ಲಿ ಒಂದು ಪಾಲನ್ನು ಸಹಕಾರ ಸಂಘ ಭರಿಸುವ ಏರ್ಪಾಡು ಬೇಕು.

ಕರ್ನಾಟಕದಲ್ಲಿ ಇದು ದೂರದ ಮಾತಲ್ಲ. ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರಬೆಟ್ಟವನ್ನು ಧಾಮವಾಗಿ ಘೋಷಿಸಲಾಯಿತು. ಹದ್ದುಗಳು ಆಹಾರ ಹುಡುಕುತ್ತ ಹಾರುವ ದೂರಕ್ಕೆ ಹೋಲಿಸಿದರೆ ಸುಮಾರು 346 ಹೆಕ್ಟೇರಿನ ಆ ಬೆಟ್ಟ ತೀರ ಸಣ್ಣದು. ಅವುಗಳ ಊಟ ಸುತ್ತಲಿನ ಹಳ್ಳಿಗಳ ಪಶುಚಿಕಿತ್ಸೆಯನ್ನೂ ಅವಲಂಬಿಸಿದೆ. ದನಗಳ ಕಿವಿಗೆ ಈಗ ಹನ್ನೆರಡು ಅಂಕಿಯ ಓಲೆ ಹಾಕಲಾಗುತ್ತಿದೆ. ಆ ಸಂಖ್ಯೆಯ ಎದುರು ಕೊಟ್ಟ ಮದ್ದು, ಪ್ರಮಾಣ, ಕೊಟ್ಟ ದಿನ, ಹಾಲು ಮತ್ತೆ ಹಾಕಬಹುದಾದ ದಿನ ಈ ನಾಲ್ಕನ್ನೂ ಬರೆಯುವುದನ್ನು ಕಡ್ಡಾಯ ಮಾಡಬಹುದು. ನೋವುನಿವಾರಕ ಪಡೆದು ವಾರದೊಳಗೆ ಸತ್ತ ದನವನ್ನು ಬಯಲಿಗೆ ಎಳೆದುಹಾಕದೆ ಆಳವಾಗಿ ಹೂಳಬೇಕೆಂಬ ಸೂಚನೆಯೂ ವೈದ್ಯರ ಚೀಟಿಯಲ್ಲೇ ಇರಲಿ, ಗುಂಡಿ ತೋಡಿಸುವ ಖರ್ಚನ್ನು ಗ್ರಾಮ ಪಂಚಾಯಿತಿ ಕೊಡಲಿ.