ಕೈ ಶಸ್ತ್ರಚಿಕಿತ್ಸೆ: ಅರಿವಳಿಕೆಗೆ ಬೆರೆಸುವ ಪೂರಕ ಔಷಧಗಳು

ಕೈಯ ಶಸ್ತ್ರಚಿಕಿತ್ಸೆಗೆ ರೋಗಿಯ ಪ್ರಜ್ಞೆಯನ್ನು ಪೂರ್ತಿಯಾಗಿ ತಪ್ಪಿಸಲೇಬೇಕೆಂಬ ನಿಯಮವಿಲ್ಲ. ತೋಳಿಗೆ ಸ್ಪರ್ಶಜ್ಞಾನ ಮತ್ತು ಚಲನೆ ನೀಡುವ ನರಗಳು ಕತ್ತಿನ ಬಳಿ ಬೆನ್ನುಹುರಿಯಿಂದ ಐದು ಬೇರುಗಳಾಗಿ ಹೊರಟು, ಒಂದಕ್ಕೊಂದು ಹೆಣೆದುಕೊಂಡು ಕಂಕುಳಿನ ಮೂಲಕ ಕೈಗೆ ಇಳಿಯುತ್ತವೆ. ಬ್ರೇಕಿಯಲ್ ಪ್ಲೆಕ್ಸಸ್ ಎಂಬ ಈ ನರಜಾಲದ ಸುತ್ತ ಸ್ಥಳೀಯ ಅರಿವಳಿಕೆ ಔಷಧವನ್ನು ಚುಚ್ಚಿದರೆ ಕೈ ಮಾತ್ರ ಮರಗಟ್ಟುತ್ತದೆ. 1911ರಲ್ಲಿ ಜರ್ಮನಿಯ ಹಿರ್ಶೆಲ್ ಕಂಕುಳಿನಲ್ಲಿ, ಕುಲೆನ್‌ಕಾಂಫ್ ಕೊರಳೆಲುಬಿನ ಮೇಲ್ಭಾಗದಲ್ಲಿ ಚರ್ಮದ ಮೂಲಕವೇ ಸೂಜಿ ಹಾಯಿಸುವ ವಿಧಾನವನ್ನು ವಿವರಿಸಿದರು. ಈಗ ಅಲ್ಟ್ರಾಸೌಂಡ್ ಪರದೆಯ ಮೇಲೆ ನರವನ್ನು ನೋಡಿಕೊಂಡೇ ಔಷಧ ಬಿಡಲಾಗುತ್ತದೆ.

ತೊಡಕಿರುವುದು ಅವಧಿಯಲ್ಲಿ. ಲಿಡೋಕೇಯ್ನ್‌ನ ಪರಿಣಾಮ ಕೆಲವೇ ಗಂಟೆಗಳದ್ದು. ಬ್ಯುಪಿವಕೇಯ್ನ್ ಮತ್ತು ರೋಪಿವಕೇಯ್ನ್ ಹೆಚ್ಚು ಹೊತ್ತು ನಿಂತರೂ ಹಗಲಿನ ಶಸ್ತ್ರಚಿಕಿತ್ಸೆಯ ನೋವು ರಾತ್ರಿ ಮರುಕಳಿಸಬಹುದು. ಹಾಗೆಂದು ಔಷಧದ ಪ್ರಮಾಣವನ್ನು ಬೇಕಾದಷ್ಟು ಏರಿಸುವಂತಿಲ್ಲ. ರಕ್ತದಲ್ಲಿ ಮಿತಿ ಮೀರಿದರೆ ಅಪಸ್ಮಾರದಂತಹ ಸೆಳೆತ, ಹೃದಯಸ್ತಂಭನ ಉಂಟಾಗಬಹುದು. ಪೂರಕ ಔಷಧಗಳು ಬಂದದ್ದು ಈ ಕಾರಣದಿಂದ.

ಅಡ್ರಿನಾಲಿನ್: ಇವುಗಳಲ್ಲಿ ಹಳೆಯದು. 1903ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಹೈನ್ರಿಕ್ ಬ್ರೌನ್ ಇದನ್ನು ಕೊಕೇನ್‌ಗೆ ಬೆರೆಸುವ ಕ್ರಮವನ್ನು ಪ್ರಕಟಿಸಿದರು. ಇದು ರಕ್ತನಾಳಗಳನ್ನು ಸಂಕುಚಿಸಿ ಅರಿವಳಿಕೆಯನ್ನು ನರದ ಬಳಿಯೇ ಹಿಡಿದಿಡುತ್ತದೆ. ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಬೆರೆಸುತ್ತಾರೆ. ಲಿಡೋಕೇಯ್ನ್‌ನ ಸುರಕ್ಷಿತ ಮಿತಿ ದೇಹತೂಕದ ಪ್ರತಿ ಕಿಲೋಗೆ 4.5 ಮಿಲಿಗ್ರಾಂನಿಂದ 7 ಮಿಲಿಗ್ರಾಂಗೆ ಏರುವುದು ಇದರಿಂದಲೇ. ಸೂಜಿ ಆಕಸ್ಮಿಕವಾಗಿ ರಕ್ತನಾಳ ಹೊಕ್ಕರೆ ನಾಡಿ ಏರುವುದರಿಂದ ವೈದ್ಯರಿಗೆ ಎಚ್ಚರಿಕೆಯೂ ಸಿಗುತ್ತದೆ. ದೀರ್ಘಾವಧಿಯ ಔಷಧಗಳ ಜೊತೆ ಇದರ ಲಾಭ ಅಷ್ಟಾಗಿಲ್ಲ.

ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್: ಮೊದಲನೆಯದು ರಕ್ತದೊತ್ತಡದ ಔಷಧ, ನೋವಿಲ್ಲದ ಅವಧಿಯನ್ನು ಸುಮಾರು 2 ಗಂಟೆ ಹೆಚ್ಚಿಸುತ್ತದೆ. ಎರಡನೆಯದಕ್ಕೆ ತೀವ್ರ ನಿಗಾ ಘಟಕದ ರೋಗಿಗಳನ್ನು ಶಾಂತವಾಗಿರಿಸಲೆಂದು 1999ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದರ ಪರಿಣಾಮ ಇನ್ನೂ ದೀರ್ಘ. ಎರಡರಿಂದಲೂ ತೂಕಡಿಕೆ ಬರಬಹುದು, ರಕ್ತದೊತ್ತಡ ಕುಸಿದು ಹೃದಯಬಡಿತ ನಿಧಾನವಾಗಬಹುದು.

ಡೆಕ್ಸಾಮೆಥಸೋನ್: 4ರಿಂದ 8 ಮಿಲಿಗ್ರಾಂ ಬಳಸುವ ಈ ಸ್ಟೀರಾಯ್ಡ್ ನೋವುಶಮನವನ್ನು ಗಣನೀಯವಾಗಿ ವಿಸ್ತರಿಸುತ್ತದೆ. ತೋಳಿನ ಶಸ್ತ್ರಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ನರದ ಬಳಿ ಕೊಟ್ಟಾಗ ಮರಗಟ್ಟುವಿಕೆ ಸುಮಾರು ಆರೂವರೆ ಗಂಟೆ ಹೆಚ್ಚಿತು. ರಕ್ತನಾಳಕ್ಕೆ ಕೊಟ್ಟಾಗಲೂ ಸುಮಾರು ಆರು ಗಂಟೆ ಹೆಚ್ಚಿತು. ಇಷ್ಟು ಅಲ್ಪ ವ್ಯತ್ಯಾಸಕ್ಕಾಗಿ ನರವನ್ನು ಸ್ಟೀರಾಯ್ಡ್‌ಗೆ ಒಡ್ಡುವುದೇಕೆ ಎಂಬ ಪ್ರಶ್ನೆ ಸಹಜ. ಮಧುಮೇಹಿಗಳಲ್ಲಿ ಸಕ್ಕರೆ ಪ್ರಮಾಣ ತಾತ್ಕಾಲಿಕವಾಗಿ ಏರಬಹುದು.

ಇತರ ಔಷಧಗಳು: ಬುಪ್ರೆನಾರ್ಫಿನ್ ಅವಧಿಯನ್ನು ಹೆಚ್ಚಿಸುತ್ತದೆಯಾದರೂ ವಾಕರಿಕೆ, ವಾಂತಿ ತರುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಬೆರೆಸುವುದು ಅರಿವಳಿಕೆ ಬೇಗ ಹಿಡಿಯಲೆಂದು. ಬ್ಯುಪಿವಕೇಯ್ನ್‌ಗೆ ಹೆಚ್ಚಾಗಿ ಬೆರೆತರೆ ಔಷಧ ಹರಳುಗಟ್ಟುತ್ತದೆ. ಮಿಡಜೋಲಾಂ, ಕೆಟಮಿನ್‌ಗಳಿಂದ ನರಕೋಶಗಳಿಗೆ ಹಾನಿಯಾಗಬಹುದೆಂಬ ಆತಂಕವಿರುವುದರಿಂದ ಅವುಗಳನ್ನು ನರದ ಬಳಿ ಬಳಸುವುದು ಸೂಕ್ತವಲ್ಲ.

ಅಡ್ರಿನಾಲಿನ್ ಬಿಟ್ಟರೆ ಈ ಪೂರಕಗಳ ಬಳಕೆ ಬಹುತೇಕ ವೈದ್ಯರ ವಿವೇಚನೆಗೆ ಸೇರಿದ್ದು. ತೋಳಿನ ನರಗಳ ಸುತ್ತ ಚುಚ್ಚಲೆಂದೇ ಅನುಮತಿ ಪಡೆದವಲ್ಲ. ಬೆರೆಸುವ ಔಷಧದಲ್ಲಿ ಸಂರಕ್ಷಕ ರಾಸಾಯನಿಕ ಇರದಂತೆ ನೋಡಿಕೊಳ್ಳುವುದು ಒಳ್ಳೆಯದು.

ರೋಗಿಗಳು ಗಮನಿಸಬೇಕಾದದ್ದು

ಮರಗಟ್ಟಿದ ಅವಧಿ ಹೆಚ್ಚಿದಷ್ಟೂ ಎಚ್ಚರಿಕೆಯೂ ಹೆಚ್ಚಬೇಕು. ಸ್ಪರ್ಶಜ್ಞಾನವಿಲ್ಲದ ಕೈಗೆ ಬಿಸಿ ತಗುಲಿದರೂ, ಅದು ಮೈಯಡಿ ಸಿಕ್ಕಿ ನಲುಗಿದರೂ ಗೊತ್ತಾಗದು. ಪ್ಲಾಸ್ಟರ್ ಒಳಗೆ ಊತ ಹೆಚ್ಚಿ ರಕ್ತಸಂಚಾರಕ್ಕೆ ತಡೆಯಾದಾಗ ಮೊದಲು ಸುಳಿವು ಕೊಡುವುದು ನೋವು. ಅದೇ ಇಲ್ಲವಾದರೆ ಅಪಾಯ ಮರೆಯಾಗುತ್ತದೆ. ಆದ್ದರಿಂದ ಕೈಯನ್ನು ಕೊರಳಪಟ್ಟಿಯಲ್ಲಿ ಇರಿಸಿ, ಬೆರಳುಗಳ ಬಣ್ಣ ಮತ್ತು ಬಿಸುಪನ್ನು ಆಗಾಗ ನೋಡುತ್ತಿರಬೇಕು. ಬೆರಳು ಬಿಳಿಚಿಕೊಂಡರೆ, ನೀಲಿಗಟ್ಟಿದರೆ ಅಥವಾ ತಣ್ಣಗಾದರೆ ತಕ್ಷಣ ಆಸ್ಪತ್ರೆಗೆ ತಿಳಿಸಬೇಕು.

ಅರಿವಳಿಕೆ ಇಳಿದಾಗ ನೋವು ಒಮ್ಮೆಲೇ ಉಲ್ಬಣಿಸುವುದುಂಟು. ವೈದ್ಯರು ಸೂಚಿಸಿದ ನೋವುನಿವಾರಕವನ್ನು ಅದಕ್ಕೂ ಮೊದಲೇ ಸೇವಿಸುವುದು ಲೇಸು. ಹೃದ್ರೋಗ, ಮಧುಮೇಹ, ನರದೌರ್ಬಲ್ಯವಿದ್ದವರು ಅದನ್ನೂ, ತಾವು ಸೇವಿಸುತ್ತಿರುವ ಮಾತ್ರೆಗಳನ್ನೂ ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ ತಿಳಿಸಬೇಕು. ಯಾವ ಔಷಧ ಬೆರೆಸಲಾಗುತ್ತದೆ, ಕೈ ಎಷ್ಟು ಹೊತ್ತು ಮರಗಟ್ಟಿರುತ್ತದೆ ಎಂದು ಕೇಳಿ ತಿಳಿಯುವುದು ರೋಗಿಯ ಹಕ್ಕು.