ಸುಂಕವಿಲ್ಲದ ಊರು

ಹಡಗು ಸೇಂಟ್ ಥಾಮಸ್ ದ್ವೀಪದ ಕಟ್ಟೆಗೆ ಬಂದು ನಿಲ್ಲುವ ಹೊತ್ತಿಗೆ ನನ್ನವಳ ಕೈಯಲ್ಲಿ ನಕ್ಷೆ ತಯಾರಾಗಿತ್ತು. ಹಡಗಿನವರು ಕೊಟ್ಟದ್ದು. ಅದರಲ್ಲಿ ರಸ್ತೆಗಿಂತ ಒಡವೆ ಅಂಗಡಿಗಳೇ ಹೆಚ್ಚು! "ರೀ, ಇಲ್ಲಿ ಸುಂಕ ಇಲ್ವಂತೆ, ಒಂದು ಉಂಗುರ ನೋಡೋಣ" ಅಂದಳು. ಸಂಜೆ ಐದರೊಳಗೆ ವಾಪಸ್ ಬರಬೇಕಿತ್ತು. ಸರಿ, ಹೊರಟೆವು.

ನಮ್ಮ ಟ್ಯಾಕ್ಸಿ ಅಂದರೆ ಲಾರಿಯ ಹಿಂದೆ ಬೆಂಚು ಜೋಡಿಸಿ ಮೇಲೊಂದು ಸೂರು ಹಾಕಿದ ಗಾಡಿ. ಅಮೆರಿಕದ ನೆಲವಾದರೂ ಇಲ್ಲಿ ರಸ್ತೆಯ ಎಡಕ್ಕೇ ಓಡಿಸುತ್ತಾರೆ. ಆದರೆ ಸ್ಟಿಯರಿಂಗ್ ಕೂಡ ಎಡಕ್ಕೇ ಇದೆ! ತಿರುವುಗಳಲ್ಲಿ ನಾನು ಸುಮ್ಮನೆ ಕಣ್ಣು ಮುಚ್ಚಿಕೊಂಡೆ.

ಷಾರ್ಲಟ್ ಅಮಾಲಿ ಊರಲ್ಲಿ ಗುಡ್ಡ ಹತ್ತಲು '99 ಮೆಟ್ಟಿಲು' ಅಂತಿದೆ. ನನ್ನವಳು ಎಣಿಸಿದಳು, 103 ಇವೆ. ಇಟ್ಟಿಗೆಗಳು ಡೆನ್ಮಾರ್ಕಿನಿಂದ ಬಂದವು, ಖಾಲಿ ಹಡಗು ವಾಲದಿರಲಿ ಅಂತ ತಳದಲ್ಲಿ ತುಂಬಿಕೊಂಡು ಬಂದ ಭಾರ. ವಾಪಸ್ ಹೋಗುವಾಗ ಆ ಜಾಗಕ್ಕೆ ಸಕ್ಕರೆ. ಡೇನರು ಇಲ್ಲಿ ನೆಲೆ ನಿಂತದ್ದು 1672ರಲ್ಲಿ. ಊರಿನ ಮೊದಲ ಹೆಸರು ಟಾಪ್‌ಹೂಸ್, ಅಂದರೆ ಹೆಂಡದಂಗಡಿ. 1691ರಲ್ಲಿ ತಮ್ಮ ರಾಣಿಯ ಹೆಸರಿಟ್ಟು ಮರ್ಯಾದೆ ತಂದರು :)

ಕೆಳಗೆ ಮುಖ್ಯ ಬೀದಿ. ಎರಡೂ ಕಡೆ ದಪ್ಪ ಕಲ್ಲುಗೋಡೆ, ಕಬ್ಬಿಣದ ಬಾಗಿಲಿನ ಉದ್ದುದ್ದ ಕಟ್ಟಡಗಳು, ಒಳಗೆ ಥಳಥಳ ವಜ್ರ. ನಾವು ಹೊಕ್ಕ ಅಂಗಡಿಯ ಯಜಮಾನರು ಸಿಂಧಿ. ಹಿಂದಿಯಲ್ಲಿ ಮಾತು ಶುರುವಾದ ಮೇಲೆ ಚೌಕಾಸಿಯೂ ಶುರುವಾಯಿತು. ಗೋಡೆ ಯಾಕಿಷ್ಟು ದಪ್ಪ ಅಂತ ಕೇಳಿದೆ. "ಇವೆಲ್ಲ ಹಳೆಯ ಗೋದಾಮುಗಳು. ಹಿಂದೆಯೇ ಸಮುದ್ರ, ಸರಕು ನೇರ ಒಳಗೆ ಬರ್ತಿತ್ತು" ಅಂದರು.

ಅಲ್ಲಿಗೆ ನನಗೆ ಉಂಗುರದ ಮೇಲಿನ ಗಮನ ಹೋಯಿತು. ಈ 'ಸುಂಕವಿಲ್ಲ' ಅನ್ನೋದು ಕ್ರೂಸ್ ಕಂಪನಿಗಳ ಉಪಾಯ ಅಂದುಕೊಂಡಿದ್ದೆ. ಅಲ್ಲ. 18ನೇ ಶತಮಾನದಲ್ಲೇ ಡೇನರು ಇದನ್ನು ಮುಕ್ತ ಬಂದರು ಮಾಡಿದ್ದರು. ಇಂಗ್ಲೆಂಡ್, ಫ್ರಾನ್ಸ್ ಕಚ್ಚಾಡುತ್ತಿದ್ದಾಗ ಇವರು ತಟಸ್ಥರು, ಎಲ್ಲರಿಗೂ ಮಾರುವವರು. ಮಾರಾಟದ ಸರಕಿನಲ್ಲಿ ಮನುಷ್ಯರೂ ಇದ್ದರು. ಡೆನ್ಮಾರ್ಕಿನ ಹಡಗುಗಳು ಆಫ್ರಿಕದಿಂದ ಸಾಗಿಸಿದವರು ಒಟ್ಟು ಒಂದು ಲಕ್ಷಕ್ಕೂ ಹೆಚ್ಚು.

ಅವರನ್ನು ಕೊಂಡದ್ದಕ್ಕೆ ಕೊಟ್ಟ ಬೆಲೆಯಲ್ಲಿ ನಮ್ಮ ದೇಶದ ಹತ್ತಿಬಟ್ಟೆಯೂ ಸೇರಿತ್ತು! ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಿಂದಲೇ ಡೇನರ ಕೋಟೆ ಇತ್ತಲ್ಲ. ಕಾಲೇಜಲ್ಲಿದ್ದಾಗ ಅಲ್ಲಿ ಆ ಕೋಟೆಯ ಮುಂದೆ ಫೋಟೋ ಹೊಡೆಸಿಕೊಂಡವನು ನಾನು. ಭಾರತದ ಬಟ್ಟೆ ಕೋಪನ್‌ಹೇಗನ್‌ಗೆ, ಅಲ್ಲಿಂದ ಈಗಿನ ಘಾನಾದ ಕರಾವಳಿಗೆ, ಅಲ್ಲಿಂದ ಬಟ್ಟೆಗೆ ಬದಲಾಗಿ ಜನ ಇಲ್ಲಿಗೆ, ಇಲ್ಲಿಂದ ಸಕ್ಕರೆ ಮತ್ತೆ ಕೋಪನ್‌ಹೇಗನ್‌ಗೆ. ಅವತ್ತು ಆ ಫೋಟೋದಲ್ಲಿ ನಗುತ್ತಿದ್ದೆ.

ಬೀದಿಯ ಪಶ್ಚಿಮದ ತುದಿಯಲ್ಲಿ ಕಬ್ಬಿಣದ ಕಂಬಗಳ ಮಂಟಪದ ಕೆಳಗೆ ಹಣ್ಣು ತರಕಾರಿ ಸಂತೆ. ಗುಲಾಮರನ್ನು ನಿಲ್ಲಿಸಿ ಮಾರುತ್ತಿದ್ದ ಜಾಗ ಅದೇ. ಒಬ್ಬ ಅಜ್ಜಿ ಸಕ್ಕರೆಯಲ್ಲಿ ಹೊರಳಿಸಿದ ಹುಣಸೆ ಉಂಡೆ ಮಾರುತ್ತಿದ್ದಳು. ನನ್ನವಳು ಬಾಯಿಗೆ ಹಾಕಿಕೊಂಡವಳೇ "ನಮ್ಮ ಚಿಗಳಿ ಥರಾನೇ ರೀ!" ಅಂದಳು. ನಾನು ಜಾಗದ ವಿಷಯ ಹೇಳಿದೆ. ಅವಳು ಅಗಿಯುವುದನ್ನು ನಿಲ್ಲಿಸಿ ನೆಲ ನೋಡಿದಳು.

ಬಿಡುಗಡೆ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಇನ್ನೂ ಹನ್ನೆರಡು ವರ್ಷ ಕಾಯಿರಿ ಅಂತ 1847ರಲ್ಲಿ ರಾಜನ ಆಜ್ಞೆ ಬಂದಿತ್ತು. ಪಕ್ಕದ ಸೇಂಟ್ ಕ್ರೋಯಿಯ ಜನ ಕಾಯಲಿಲ್ಲ. 1848ರ ಜುಲೈನಲ್ಲಿ ಸಾವಿರಾರು ಮಂದಿ ಫ್ರೆಡರಿಕ್‌ಸ್ಟೆಡ್ ಕೋಟೆಯ ಮುಂದೆ ಬಂದು ನಿಂತರು, ಗವರ್ನರ್ ಪೀಟರ್ ಫಾನ್ ಶೋಲ್ಟನ್ 3ನೇ ತಾರೀಕು ಬಿಡುಗಡೆ ಘೋಷಿಸಿದ. ಆಮೇಲೆ ಕಬ್ಬಿನ ಗದ್ದೆಗೆ ಆಳು ಸಾಲದೆ ತೋಟದವರು ಎಲ್ಲಿಗೆ ಹೋದರು ಗೊತ್ತೇ? ಕಲ್ಕತ್ತಕ್ಕೆ. 1863ರಲ್ಲಿ 'ಮಾರ್ಸ್' ಎಂಬ ಹಡಗಿನಲ್ಲಿ ಮುನ್ನೂರಕ್ಕೂ ಹೆಚ್ಚು ಭಾರತೀಯರು ಐದು ವರ್ಷದ ಕರಾರಿನ ಮೇಲೆ ಸೇಂಟ್ ಕ್ರೋಯಿಗೆ ಬಂದರು. ಕರಾರು ಮುಗಿದದ್ದೇ ತಡ, ಉಳಿದವರಲ್ಲಿ ಬಹುಪಾಲು ಜನ ಊರಿಗೆ ಮರಳಿದರು.

ಕೊನೆಗೆ ದ್ವೀಪಗಳೇ ಮಾರಾಟವಾದವು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಇಲ್ಲಿ ಕಾಲೂರೀತು ಅಂತ ಅಮೆರಿಕಕ್ಕೆ ಹೆದರಿಕೆ. ಎರಡೂವರೆ ಕೋಟಿ ಡಾಲರ್ ಚಿನ್ನ ಕೊಟ್ಟು ಕೊಂಡಿತು, 1917ರ ಮಾರ್ಚ್ 31ಕ್ಕೆ ಬಾವುಟ ಬದಲಾಯಿತು. ಮಾರಬೇಕೋ ಬೇಡವೋ ಅಂತ ಡೆನ್ಮಾರ್ಕಿನವರು ಮತ ಹಾಕಿದ್ದರು, ದ್ವೀಪದವರನ್ನು ಕೇಳಲೇ ಇಲ್ಲ. ಇವರಲ್ಲಿ ಬಹುತೇಕರಿಗೆ ಅಮೆರಿಕದ ಪೌರತ್ವ ಸಿಕ್ಕಿದ್ದು 1927ರಲ್ಲಿ. ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಇವತ್ತಿಗೂ ಇಲ್ಲ.

ಉಂಗುರ ಕೊಳ್ಳಲಿಲ್ಲ. ಬೇಸರದಿಂದ ಬಿಟ್ಟೆವು ಅಂದರೆ ಸುಳ್ಳಾದೀತು, ಚೌಕಾಸಿ ಕುದುರಲಿಲ್ಲ ಅಷ್ಟೇ. ಐದಕ್ಕೆ ಹತ್ತು ನಿಮಿಷವಿರುವಾಗ ಓಡಿಬಂದು ಹಡಗು ಹತ್ತಿದೆವು. ಕೆಂಪು ಬಣ್ಣದ ಕ್ರಿಶ್ಚಿಯನ್ ಕೋಟೆ ಸಣ್ಣದಾಗುತ್ತಾ ಹೋಯಿತು. ನನ್ನವಳು ಉಳಿದ ಹುಣಸೆ ಉಂಡೆಯ ಪೊಟ್ಟಣ ಬಿಚ್ಚಿ ನನಗೊಂದು ಕೊಟ್ಟು, "ಆ ತರಂಗಂಬಾಡಿ ಫೋಟೋ ಇನ್ನೂ ಇದೆಯಾ?" ಅಂತ ಕೇಳಿದಳು.